ಏಳು ಸಾಲು ‘ವಿಶೇಷವಿಲ್ಲ’

ನನ್ನ ಡೈರಿಯ ಪ್ರಕಾರ ನಮ್ಮ ಕೆಂಪು ದನ ಗಬ್ಬವಾಗಿ ಅಂದಿಗೆ ಇನ್ನೂರ ತೊಂಬತ್ತಾರು ದಿನ. ಇನ್ನೂರ ಎಂಬತ್ತರ ಸುಮಾರಿಗೆ ಕರು ಹಾಕಬೇಕಿತ್ತು. ಇನ್ನೂ ತಡವಾದರೆ ತಾಯಿ, ಕರು ಎರಡೂ ಉಳಿಯಲಿಕ್ಕಿಲ್ಲ ಎಂದು ಹೆದರಿ ನಾನೇ ದನದ ಡಾಕ್ಟರಿಗೆ ಫೋನ್ ಮಾಡಿದ್ದೆ.

ಅವರು ಬಂದಾಗ ಅಜ್ಜಿ ದನದ ಹಟ್ಟಿಯ ಬಾಗಿಲಿಗೆ ಅಡ್ಡ ನಿಂತರು. “ಬಾಲದ ಬುಡ ಸಡಿಲಾಗದೆ ಇನ್ನೂ ಕಲ್ಲಿನ ಹಾಗೆ ಉಂಟು. ಕೆಚ್ಚಲೂ ತುಂಬಲಿಲ್ಲ. ಇವತ್ತು ಬೇಡ ಡಾಕ್ಟ್ರೇ.”

ಅಜ್ಜಿಯ ಲೆಕ್ಕ ಹಟ್ಟಿಯ ಕಂಬದಲ್ಲಿ, ಅಮಾವಾಸ್ಯೆಗೊಂದು ಮಸಿಯ ಗೆರೆ. ಎಣಿಸಿದೆ. ಒಂಬತ್ತು. ಡೈರಿಯಲ್ಲಿ ಹತ್ತು ಅಮಾವಾಸ್ಯೆ ಕಳೆದಿತ್ತು.

“ಒಂದು ನಿಮಗೆ ಮರೆತುಹೋಗಿದೆ ಅಜ್ಜಿ.”

“ಅಮಾವಾಸ್ಯೆ ಮರೆಯುವವಳು ನಾನಲ್ಲ ಮಾರಾಯ್ತಿ. ನಿನ್ನ ಪುಸ್ತಕಕ್ಕೇ ಒಮ್ಮೆ ಕನ್ನಡಕ ಹಾಕು.”

“ಅಜ್ಜಿ-ಪುಳ್ಳಿಯ ಲಡಾಯಿ ಆಮೇಲೆ ಮಾಡುವ,” ಎಂದ ಡಾಕ್ಟರು ನನ್ನತ್ತ ತಿರುಗಿದರು. “ಈಗ ನೋವು ಬರಿಸುವ ಇಂಜೆಕ್ಷನ್ ಕೊಡ್ತೇನೆ. ದಿನ ತುಂಬದಿದ್ದರೆ ಕರು ಬದುಕುವುದಿಲ್ಲ. ಲೆಕ್ಕ ಸರಿ ಉಂಟಲ್ಲ?”

“ಒಂದು ದಿನವೂ ಬಿಟ್ಟಿಲ್ಲ.”

ಅವರು ಸಿರಿಂಜಿಗೆ ಔಷಧ ಎಳೆಯುತ್ತಿದ್ದರು. ಅಜ್ಜಿಗೆ ತೋರಿಸಲೆಂದು ಪುಟ ತಿರುವುತ್ತ ಹೋದೆ. ಡಾಕ್ಟರು ದನಕ್ಕೆ ಕೃತಕ ಗರ್ಭಧಾರಣೆ ಮಾಡಿದ ದಿನ, ಅದಾಗಿ ಮೂರು ವಾರ, ಆಮೇಲೆ ಏಳು ಸಾಲು: ವಿಶೇಷವಿಲ್ಲ, ವಿಶೇಷವಿಲ್ಲ. ಏಳೂ ಒಂದೇ ಶಾಯಿ. ಆ ವಾರ ನಾನು ಪರೀಕ್ಷೆಗೆಂದು ಮೂಡುಬಿದಿರೆಯಲ್ಲಿದ್ದೆ. ಸಾಲು ಖಾಲಿ ಬಿಡಲು ಮನಸ್ಸಾಗದೆ, ಬಂದ ಸಂಜೆ ಕೂತು ತುಂಬಿಸಿದ್ದೆ.

“ಅಜ್ಜಿ, ನಾನು ಪರೀಕ್ಷೆಗೆ ಹೋದಾಗ ದನ ಪುನಃ ಬೆದೆಗೆ ಬಂದು ಕೂಗಿತ್ತಾ?”

“ಕೂಗದೆ? ಮೊದಲ ಸಲದ್ದು ಗಬ್ಬ ನಿಲ್ಲಲಿಲ್ಲ. ಮೇಲಿನ ಮನೆಯ ಹೋರಿ ಹತ್ತಿರ ಹೊಡೆದುಕೊಂಡು ಹೋದೆ. ಅಲ್ಲಿಂದಲೇ ನನ್ನ ಗೆರೆ.”

“ನನಗೆ ಹೇಳಲಿಲ್ಲವಲ್ಲ!”

“ಎಲ್ಲ ಬರೆಯುವವಳು ನೀನು. ಇದನ್ನೂ ಬರೆದಿರ್ತಿ ಅಂತ ತಿಳಿದೆ.”

“ಡಾಕ್ಟ್ರೇ, ನಿಲ್ಲಿ!” ಎಂದು ಕೂಗಿದೆ. ಸೂಜಿ ಆಗಲೇ ದನದ ಕುತ್ತಿಗೆಯ ಹತ್ತಿರವಿತ್ತು.

ಅವರು ಕೈ ಹಿಂದೆಗೆದು, ಪುಟ ನೋಡಿ, ಕಂಬ ನೋಡಿ, ಸಿರಿಂಜನ್ನು ಚೀಲಕ್ಕೆ ಹಾಕಿಕೊಂಡರು. “ಒಂದು ವಾರ ಕಾಯುವ.”

ಅಂದೇ ಆ ಏಳು ಸಾಲು ಹೊಡೆದುಹಾಕಿ ‘ನಾನು ಮನೆಯಲ್ಲಿರಲಿಲ್ಲ’ ಎಂದು ಬರೆದೆ. ಆದರೂ ಅಜ್ಜಿಯ ಗೆರೆಯೇ ತಪ್ಪಾಗಿದ್ದರೆ? ದಿನಕ್ಕೆ ಹತ್ತು ಸಲ ಬಾಲದ ಬುಡ ಒತ್ತಿ ನೋಡುತ್ತಿದ್ದೆ. ನಾಲ್ಕನೆಯ ದಿನ ಅದು ಸಡಿಲಾಯಿತು. ಐದನೆಯ ಬೆಳಿಗ್ಗೆ ಕರು ಹೊರಬಂದು ಸೀನಿತು.

ಹೊತ್ತು ಬರೆದಿಡಲು ಡೈರಿ ತೆರೆದೆ.

“ಅದನ್ನು ಅಲ್ಲಿಡು,” ಅಂದರು ಅಜ್ಜಿ. “ಒರೆಸಲಿಕ್ಕೆ ಗೋಣಿ ತಾ.”