ತಂಬಿಗೆಯ ಗೋಪುರ ಮತ್ತು ಹಿಮಾಲಯದ ರೊಟ್ಟಿ

ಇಷ್ಟು ದೊಡ್ಡ ಮನೆಯಲ್ಲಿ ನಮ್ಮ ಬೆಕ್ಕಿಗೆ ಗೋಡೆಗೂ ನನ್ನ ತಂಬಿಗೆಗಳಿಗೂ ನಡುವಿನ ಗೇಣು ಸಂದಿಯೇ ರಾಜಮಾರ್ಗ. ಬೋರಲು ಹಾಕಿ ಒಂದರ ಮೇಲೊಂದು ಪೇರಿಸಿದ ಐದು ತಂಬಿಗೆಗಳು ಅವು. ಹಿಂದೊಮ್ಮೆ ಗಡಿಯಾಚೆ ಮಹಾರಾಷ್ಟ್ರದಲ್ಲಿ ಭೂಮಿ ನಡುಗಿ ಊರಿಗೆ ಊರೇ ಮಣ್ಣಾದಾಗ ನಮ್ಮ ಬಸವಕಲ್ಯಾಣದ ಗೋಡೆಗಳೂ ಅಲುಗಿದ್ದವು. ಆಮೇಲೆ ನೆಲ ಮಿಸುಕಿದರೆ ಮೊದಲು ಇವಾದರೂ ಕೂಗಲಿ ಎಂದು ಓಣಿಯವರೆಲ್ಲ ತಂಬಿಗೆ ಪೇರಿಸಿದರು, ಕೆಲವು ತಿಂಗಳಿಗೆ ಮರೆತರು. ಮರೆಯುವ ವಿದ್ಯೆ ನನಗೆ ಬರಲಿಲ್ಲ. ನಾನು ಕಲಿತದ್ದು ಮೂರನೆಯ ಇಯತ್ತೆಯಷ್ಟೆ.

ಹೋದ ವಾರ ಒಂದು ಮಧ್ಯಾಹ್ನ ಬೆಕ್ಕು ಗೋಪುರ ಉರುಳಿಸಿತು. ಮನೆಮಂದಿಯೆಲ್ಲ ಅಂಗಳಕ್ಕೆ ಓಡಿದೆವು, ನಾನಂತೂ ಹಿಟ್ಟಿನ ಬುಟ್ಟಿಯನ್ನು ಕೂಸಿನಂತೆ ಅವಚಿಕೊಂಡು.

“ಅತ್ತಿ, ಭೂಮಿ ನಡುಗಿ ಅಲ್ಲ, ನಿಮ್ಮ ತಂಬಿಗಿ ಸಪ್ಪಳಕ್ಕೇ ನಾವು ಎದಿ ಒಡದು ಸಾಯ್ತೀವಿ ನೋಡ್ರಿ!” ಎಂದಳು ಸೊಸೆ ರತ್ನಾ.

ನಗದವಳು ಮೊಮ್ಮಗಳು ಸುಜಾತಾ ಒಬ್ಬಳೇ. ಎಂಟನೆಯ ಇಯತ್ತೆಯ ಆ ಹುಡುಗಿಗೆ ಮರುದಿನ ಹುಮನಾಬಾದಿನಲ್ಲಿ ವಿಜ್ಞಾನ ಪ್ರದರ್ಶನ, ವಿಷಯವೂ ಭೂಕಂಪವೇ. ಹಿಂದಿನ ವರ್ಷ ವೇದಿಕೆಯ ಮೇಲೆ ಮಾತು ಗಂಟಲಲ್ಲೇ ಸಿಕ್ಕಿ, ಮಕ್ಕಳೆಲ್ಲ ನಕ್ಕು, ಅಂದಿನಿಂದ ಪರರೆದುರು ಅವಳ ತುಟಿ ಬಿಚ್ಚಿದ್ದಿಲ್ಲ.

“ಈ ಸಲನೂ ಬಾಯಿ ಬರಲಿಲ್ಲಂದ್ರ ಸಾಲಿಗೇ ಹೋಗಂಗಿಲ್ಲ ಆಯಿ,” ಎಂದಳು. ನನ್ನ ಎದೆಯೊಳಗಿನ ತಂಬಿಗೆಗಳೂ ಉರುಳಿದವು. ಆ ರಾತ್ರಿ ಒಲೆಯ ಮುಂದೆ ನನಗೊಬ್ಬಳಿಗೇ ಪಾಠವನ್ನೆಲ್ಲ ತಡೆಯಿಲ್ಲದೆ ಹೇಳಿದಳು; ಬೆಳಗಾಗುತ್ತಲೇ ಬುತ್ತಿ ಕಟ್ಟಿಕೊಂಡು ನಾನೂ ಜೊತೆಗೆ ಹೊರಟೆ.

ಬಸ್ಸಿನ ನೂಕುನುಗ್ಗಲಲ್ಲಿ ಯಾರದೋ ಜೋಳದ ಚೀಲ ಅವಳ ಥರ್ಮಾಕೋಲಿನ ಭೂಮಿಯ ಮೇಲೆ ಕೂತಿತು. ಹುಮನಾಬಾದಿನಲ್ಲಿ ಇಳಿದಾಗ ಜಗತ್ತು ಪುಡಿಪುಡಿಯಾಗಿತ್ತು, ಹುಡುಗಿಯ ಕಣ್ಣು ತುಂಬಿತ್ತು. ನನಗೆ ತಿಳಿದ ಶಾಸ್ತ್ರ ಒಂದೇ: ಸಂಕಟ ಬಂದಾಗ ಬುತ್ತಿ ಬಿಚ್ಚುವುದು. ಪ್ರದರ್ಶನದ ಮೇಜಿನ ಮೇಲೆ ಕಡಕ್ ರೊಟ್ಟಿ, ಬ್ಯಾಳಿಯ ಡಬ್ಬಿ, ನೀರಿನ ತಂಬಿಗೆ ಇಟ್ಟು ಎದುರಿಗೆ ನಿಂತೆ.

“ನಿನ್ನಿ ಒಲಿ ಮುಂದ ನನಗ ಹ್ಯಾಂಗ ತಿಳಿಸಿದಿ, ಹಾಂಗೇ ಹೇಳು. ಮಾಸ್ತರ ಮಾರಿ ನೋಡಬ್ಯಾಡ, ನನ್ನ ಮಾರಿ ನೋಡು.”

ಪರೀಕ್ಷಿಸಲು ಬಂದ ಮಾಸ್ತರರು ನಿಂತರು. ಸುಜಾತಾ ರೊಟ್ಟಿ ಮುರಿದು ಎರಡು ತುಂಡು ಕೈಗೆತ್ತಿಕೊಂಡಳು. ಓದುಗರೇ, ಭೂಕಂಪಕ್ಕೂ ನಾನು ಅಷ್ಟು ಹೆದರಿದ್ದಿಲ್ಲ.

“ಆಯಿ...” ಎಂದು ಶುರು ಮಾಡಿದಳು. “ಭೂಮಿ ಮ್ಯಾಲಿನ ಪದರು ಒಡದ ರೊಟ್ಟಿ ಇದ್ದಂಗ. ಅದರ ತುಂಡಿಗೆ ಫಲಕ ಅಂತಾರ. ಉಗುರು ಬೆಳದಷ್ಟ ನಿಧಾನ ಸರಿಯಾಕತ್ತಾವ. ನಮ್ಮ ತುಂಡು ಉತ್ತರಕ್ಕ ಹೋಗಿ ಅಲ್ಲಿನ ತುಂಡಿಗೆ ಒತ್ತೇದ, ಅಂಚು ಮ್ಯಾಲ ಎದ್ದದ. ಅದೇ ಹಿಮಾಲಯ!” ಎನ್ನುತ್ತ ಎರಡು ತುಂಡುಗಳನ್ನು ಒತ್ತಿದಳು. ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡವು, ಸರಿಯಲಿಲ್ಲ, ತುಸುವೇ ಬಾಗಿದವು. ಕೊನೆಗೆ ಟಕ್ಕನೆ ಅವು ಜಾರಿದಾಗ ಮೇಜು ಅದುರಿ ತಂಬಿಗೆಯ ನೀರು ಅಲುಗಿತು. “ಸಿಕ್ಕೊಂಡಿದ್ದು ಒಮ್ಮೆಲೇ ಬಿಡಿಸಿಕೊಂಡ್ರ ಹಿಂಗ ನಡುಗ್ತದ, ಆಯಿ.”

“ಬಸವಕಲ್ಯಾಣ ಅಂಚಿನ್ಯಾಗ ಇಲ್ಲಲ್ಲವ್ವ, ನಮ್ಮ ಕಡಿ ಯಾಕ ನಡುಗ್ತು?” ಎಂದರು ಮಾಸ್ತರರು. ಅವಳು ಈ ಸಲ ನನ್ನನ್ನು ನೋಡಲಿಲ್ಲ. ನೇರ ಅವರ ಮುಖ ನೋಡಿದಳು.

“ಅಂಚಿನ್ಯಾಗ ಒತ್ತಿದ್ರ ನಡುವಿನ ಹಳೀ ಬಿರುಕಿಗೂ ಆ ಜೋರು ಮುಟ್ಟತದರಿ ಸರ್. ಇನ್ನೊಂದು ಕೇಳ್ರಿ, ನಮ್ಮ ಹೊಲದ ಕರಿ ಮಣ್ಣೂ ಒಂದು ಕಾಲಕ್ಕ ಭೂಮಿ ಒಳಗಿಂದ ಉಕ್ಕಿದ ಬೆಂಕಿ ಕಲ್ಲರಿ...”

ಆಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು. ಬಹುಮಾನ ಬಂತೇ ಎಂದು ಕೇಳಬೇಡಿ. ಮಾಸ್ತರರು ಹಿಮಾಲಯವನ್ನು ಬ್ಯಾಳಿಯಲ್ಲಿ ಅದ್ದಿ ತಿಂದರು, ನನಗೆ ಅದೇ ಪದಕ. ಸಿಕ್ಕಿಕೊಂಡದ್ದು ಒಮ್ಮೆಲೇ ಬಿಡಿಸಿಕೊಂಡರೆ ಕೇಡೇ ಎಂದುಕೊಂಡಿದ್ದ ನಾನು, ಹುಡುಗಿಯ ಸಿಕ್ಕಿದ ಮಾತು ಬಿಡಿಸಿಕೊಂಡದ್ದನ್ನು ನೆನೆದು, ವಾಪಸ್ ಬಸ್ಸಿನಲ್ಲಿ ಅತ್ತೂ ನಕ್ಕೂ ಪಕ್ಕದವರಿಗೆಲ್ಲ ಉಳಿದ ರೊಟ್ಟಿ ಹಂಚಿದೆ.

ಮೊನ್ನೆ ಬೆಕ್ಕು ಮತ್ತೆ ತನ್ನ ರಾಜಮಾರ್ಗ ಹಿಡಿಯಿತು. ತಂಬಿಗೆಗಳ ಸದ್ದಿಗೆ ನಾವಷ್ಟೇ ಅಲ್ಲ, ಓಣಿಯ ಅರ್ಧ ಮಂದಿ ಅಂಗಳಕ್ಕೆ ಬಂದರು. ಸುಜಾತಾ ಕಟ್ಟೆ ಹತ್ತಿ, ಕೈಯಲ್ಲಿ ರೊಟ್ಟಿ ಹಿಡಿದು, ಅಷ್ಟೂ ಜನಕ್ಕೆ ಪಾಠ ಹೇಳಿದಳು. ಎಲ್ಲರೂ ಹೋದ ಮೇಲೆ ನಾನು ತಂಬಿಗೆಗಳನ್ನು ಹೆಕ್ಕಿ ಮತ್ತೆ ಪೇರಿಸಿದೆ. ಈಗ ಅವು ಐದಲ್ಲ, ಆರು. ಬೆಕ್ಕಿಗೆ ದಿನವೂ ಒಂದು ಬಟ್ಟಲು ಹಾಲು ಹೆಚ್ಚಿಗೆ ಹಾಕುತ್ತಿದ್ದೇನೆ. ಬಟ್ಟಲನ್ನು ಇಟ್ಟಿರುವುದು ಆ ಸಂದಿಯ ಆಚೆ ತುದಿಯಲ್ಲಿ.