ಬೊಳ್ಳಪ್ಪನ ಗರಗಸ

ಕೈಗೆ ಗರಗಸ ಸಿಕ್ಕಿದರೆ ಕರಿಕೆ ಊರಿನ ಬೊಳ್ಳಪ್ಪನಿಗೆ ನಿಲ್ಲಿಸುವುದು ಗೊತ್ತಿರಲಿಲ್ಲ. ಮಂಚದ ಕಾಲು ಸಮ ಮಾಡಲು ಹೋಗಿ ಮಂಚವನ್ನೇ ಮಣೆ ಮಾಡಿಟ್ಟ ಪುಣ್ಯಾತ್ಮ. ಆದರೂ ಪೂವಯ್ಯನವರ ಕಾಫಿ ತೋಟದ ಡೀಸೆಲ್ ಎಂಜಿನ್ ಅವನನ್ನು ಬಿಟ್ಟು ಇನ್ನೊಬ್ಬರ ಮಾತು ಕೇಳುತ್ತಿರಲಿಲ್ಲ. ಹೆಂಡತಿ ಪೊನ್ನಮ್ಮನಿಗೆ ಇದೆಲ್ಲ ತಿಳಿಯದೆಂದು ಅವಳನ್ನು ಎಂಜಿನ್ ಮನೆಯ ಹೊಸ್ತಿಲು ದಾಟಲೂ ಬಿಟ್ಟವನಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಹಣ್ಣು ಕೊಯ್ಯುವ ಪಿಕಿಂಗ್ ಜೋರಾಗಿದ್ದಾಗಲೇ ಎಂಜಿನ್ ಕೈಕೊಟ್ಟಿತು. ಕಾಫಿ ಹಣ್ಣು ಸುಲಿಯುವ ಪಲ್ಪರಿಗೆ ಬೆಲ್ಟ್ ಹಾಕಿದೊಡನೆ ಕರಿಹೊಗೆ ಉಗುಳಿ ಏದುಸಿರು ಬಿಡುತ್ತಿತ್ತು.

“ಸಂಜೆಯೊಳಗೆ ಸರಿಯಾಗದಿದ್ರೆ ಮಡಿಕೇರಿಯಿಂದ ಬೇರೆ ಮೆಕ್ಯಾನಿಕ್ ಬರ್ತಾನೆ. ಎಂಜಿನ್ ಮನೆ ಕೀಲಿಕೈ ಅವನಿಗೇ,” ಎಂದರು ಪೂವಯ್ಯ.

ಡೀಸೆಲ್ ಸರಿಯಾಗಿ ಚಿಮ್ಮುತ್ತಿದೆ, ಗಾಳಿ ಸಾಲದು ಎಂದು ಬೊಳ್ಳಪ್ಪ ಹೊಗೆ ನೋಡಿಯೇ ತಿಳಿದ. ತುಕ್ಕು ತಿಂದ ಗಾಳಿಕೊಳವೆ ಕಿತ್ತು, ಗಿಣ್ಣು ತೂತು ಮಾಡಿದ ಐದು ಮೊಳದ ಬಿದಿರು ಕೂರಿಸಿದ. ಕೊಳವೆಯ ಉದ್ದ ಎಂಜಿನ್ನಿನ ಓಟಕ್ಕೆ ಹೊಂದಿದರೆ ಗಾಳಿ ತಾನೇ ನುಗ್ಗುತ್ತದೆ. ಇದು ಅವನ ಕಿವಿ ಕಲಿತ ವಿದ್ಯೆ. ನಾಲ್ಕು ಬೆರಳು ಕೊಯ್ಯುವುದು, ಓಡಿಸಿ ಕೇಳುವುದು. ನಾಲ್ಕು ಮೊಳಕ್ಕೆ ಬಂದಾಗ ಹೊಗೆ ತಿಳಿಯಾಗಿ ಪಲ್ಪರ್ ಗರಗರ ತಿರುಗಿತು. ಅಲ್ಲಿಗೇ ನಿಲ್ಲಿಸಿದ್ದರೆ ಅವನು ಬೊಳ್ಳಪ್ಪ ಹೇಗಾದಾನು?

“ಇನ್ನೊಂದ್ ನಾಕ್ ಬೆರಳ್,” ಎಂದ. ಹಾಗೆ ಮೂರು ಸಲ ಎಂದ. ಕರಿಹೊಗೆ ಮತ್ತೆ ಬಂತು.

ಹೊಸ ಬಿದಿರಿಗೆ ಹೊಳೆ ದಾಟಬೇಕು. ರಾಶಿ ಬಿದ್ದ ಹಣ್ಣು ಆಗಲೇ ಬಿಸಿಯೇರುತ್ತಿತ್ತು, ತಡವಾದರೆ ಹುಳಿತು ಹಾಳಾಗುವುದು. ಬೊಳ್ಳಪ್ಪ ತಲೆಯ ಮೇಲೆ ಕೈಹೊತ್ತು ಕೂತ.

ಒಲೆಗೆಂದು ಹೊರಗೆ ಬಿದಿರು ತುಂಡು ಆಯುತ್ತಿದ್ದ ಪೊನ್ನಮ್ಮ, “ಅತಿ ಆಸೆ ಗತಿ ಕೇಡು,” ಎಂದಳು. ಕೊನೆಯ ಮೂರು ತುಂಡು ಸಾಲಾಗಿಟ್ಟಳು. ಒಂದು ಗೇಣು. ಮನೆಗೆ ಓಡಿ ಪುಟ್ಟು ಬೇಯಿಸುವ ಬಿದಿರಿನ ಕೊಳವೆ ತಂದು ಪಕ್ಕದಲ್ಲಿಟ್ಟಳು. ಅದೂ ಒಂದು ಗೇಣು.

“ಈ ತುಂಡುಗಳ್ನೇ ಕಟ್ಟಿರೆ?” ಎಂದ ಬೊಳ್ಳಪ್ಪ.

“ಆಕಿಲೆ,” ಎಂದು ಬೇಡವೆಂಬಂತೆ ತಲೆಯಾಡಿಸಿದಳು ಪೊನ್ನಮ್ಮ. “ಸಂದಿ ಹೆಚ್ಚಾದ್ರೆ ಗಾಳಿ ನಿಲ್ಲಿಕಿಲೆ. ಈ ಪುಟ್ಟು ಕೊಳವೆಗೆ ಒಂದೇ ಸಂದಿ ಅಲಾ?”

ಬೊಳ್ಳಪ್ಪನಿಗೆ ನಾಚಿಕೆಯೂ ಆಯಿತು, ಹೋದ ಜೀವ ಬಂದಂತೆಯೂ ಆಯಿತು. “ಒಳಗೆ ಬಾ,” ಎಂದ.

ಇಬ್ಬರೂ ಸೇರಿ ಕೊಳವೆ ಜೋಡಿಸಿ ಸಂದಿಗೆ ಚಿಂದಿ ಸುತ್ತಿ ಬಿಗಿದರು. ಸಂಜೆಗೆ ಹಣ್ಣಿನ ರಾಶಿ ಕರಗಿತ್ತು. ಪೂವಯ್ಯ ಬಂದು ಜೋಡಿಸಿದ ಕೊಳವೆ ನೋಡಿ, “ಯಾರದಯ್ಯಾ ಈ ಅಳತೆ?” ಎಂದರು.

ಬೊಳ್ಳಪ್ಪ ಎರಡು ಸಲ ಕೆಮ್ಮಿದ. “ನಮ್ಮ ಮನೆಯವ್ಳದ್, ಸಾವ್ಕಾರ್ರೆ.”

ಮುಂದೆ ಹದಿನಾಲ್ಕು ವರ್ಷ ಅದೇ ಎಂಜಿನ್ ಓಡಿಸಿದ. ಕೀಲಿಕೈ ಅವನ ಸೊಂಟದಲ್ಲೇ ಇತ್ತು. ಗರಗಸ ಮಾತ್ರ ಪೊನ್ನಮ್ಮನ ಅಡಿಗೆಮನೆಯ ಅಟ್ಟ ಸೇರಿತು. ಬೇಕಾದಾಗ ಅವನು ಕೇಳಿ ಪಡೆಯಬೇಕಿತ್ತು, ಎಷ್ಟು ಕೊಯ್ಯುವುದೆಂದು ಮೊದಲೇ ಹೇಳಿ.