ಮಾಸ್ತರರ ಸ್ನಾನ

ಅಷ್ಟು ಹೊತ್ತು ಸ್ನಾನ ಮಾಡಿ ಹೊರಗೆ ಬಂದ ಮನುಷ್ಯನ ತಲೆ ಒಣಗಿಕೊಂಡಿರುತ್ತದೆಯೇ? ನಮ್ಮ ವಿಜ್ಞಾನದ ಮಾಸ್ತರರ ತಲೆ ಒಣಗಿಯೇ ಇರುತ್ತಿತ್ತು. ಹೆಗಲ ಮೇಲೆ ಮಡಿಕೆ ಬಿಚ್ಚದ ಟವೆಲು, ಬಚ್ಚಲ ಒಲೆಯ ಹೊಗೆಗೆ ಕೆಂಪಗಾದ ಕಣ್ಣು, ಹುಬ್ಬಿನ ಮೇಲೆ ಒಂದಿಷ್ಟು ಬೂದಿ. ಆ ಅವತಾರದಲ್ಲಿ ಬಂದು, "ಭಾಳ ಹೊತ್ತಾತೇನು? ನೀರು ಜಲ್ದಿ ಕಾಯಲಿಲ್ಲ ನೋಡು" ಎಂದು ರೆಪ್ಪೆ ಬಡಿಯದೆ ಸುಳ್ಳು ಹೇಳುತ್ತಿದ್ದರು. ಕ್ಲಾಸಿನಲ್ಲಿ ಸುಳ್ಳು ಹೇಳಿದವರ ಕಿವಿ ಹಿಂಡುತ್ತಿದ್ದ ಮಹಾನುಭಾವರೂ ಇವರೇ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮ ಸೋದರತ್ತೆಯ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮದು ಕಂಪ್ಲಿ ಕಡೆಯ ಹಳ್ಳಿ. ಹೈಸ್ಕೂಲು ಓದಲೆಂದು ಅಪ್ಪ ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟಿದ್ದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು, ಪಿಯುಸಿಗೆ ಯಾವ ವಿಷಯ ತಗೊಳ್ಳಬೇಕು ಎಂದು ಕೇಳಿಕೊಂಡು ಬೇಸಿಗೆ ಪೂರ್ತಿ ಮಾಸ್ತರರ ಮನೆಗೆ ಬರುತ್ತಿದ್ದರು. ಮಾಸ್ತರು ಅವರ ಮಾರ್ಕ್ಸ್ ಕಾರ್ಡ್ ಕೇಳುತ್ತಲೇ ಇರಲಿಲ್ಲ. "ಕುಂದ್ರು, ಜಳಕಾ ಮಾಡಿ ಬರ್ತೀನಿ" ಎಂದು ಮುಂದಿನ ಕಟ್ಟೆಯ ಮೇಲೆ ಕೂರಿಸಿ ಒಳಗೆ ಹೋಗಿಬಿಡುತ್ತಿದ್ದರು.

ಕಟ್ಟೆಯ ಮೇಲೆ ಒಂದು ಕುಂಡದಲ್ಲಿ ಎಲೆ ಮುದುಡಿದ ಮೆಣಸಿನ ಗಿಡ. ಅದರ ಪಕ್ಕ ಹಿಂದಿನ ರಟ್ಟು ಬಿಚ್ಚಿದ, ಹಾಡದ ರೇಡಿಯೊ ಮತ್ತು ಒಂದು ಸ್ಕ್ರೂಡ್ರೈವರು. ಆ ಕಡೆ ಸಂಡೂರಿನ ಗುಡ್ಡಗಳಿಂದ ಆರಿಸಿ ತಂದ ಕಲ್ಲುಗಳ ಬುಟ್ಟಿ. ಬಚ್ಚಲ ಮನೆಯ ಕಿಂಡಿ ಸರಿಯಾಗಿ ಆ ಕಟ್ಟೆಯ ಕಡೆಗೇ ಇತ್ತು. ಮಾಸ್ತರು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, ಆ ಕಿಂಡಿಯಿಂದ ಹುಡುಗರ ಕೈ ಯಾವುದರ ಮೇಲೆ ಹೋಗುತ್ತದೆ ಎಂದು ನೋಡುತ್ತಿದ್ದರು. "ಬಾಯಿ ಅಪ್ಪನ ಮಾತು ಹೇಳತೈತಿ, ಕೈ ತನ್ನ ಮಾತು ಹೇಳತೈತಿ" ಅನ್ನುವುದು ಅವರ ಸಿದ್ಧಾಂತ.

ಎದುರು ಮನೆಯ ಹುಡುಗ ರೇಡಿಯೊ ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಲು ಬಾರದೆ ಕಣ್ಣೀರು ಹಾಕುತ್ತ ಕೂತಿದ್ದ. ಅವನಿಗೆ, "ಎಲೆಕ್ಟ್ರಾನಿಕ್ಸ್ ತಗೋಳಲೇ, ಕೂಡಿಸೋದು ಅಲ್ಲಿ ಕಲಿಸ್ತಾರ" ಅಂದರು. ಇನ್ನೊಬ್ಬ ಬುಟ್ಟಿಯ ಕಲ್ಲು ತೆಗೆದು ಬೇವಿನ ಮರದ ಕಾಗೆಗೆ ಬೀಸಿದ. "ಕಲ್ಲು ಏನಂತ ನೋಡಲಿಲ್ಲ, ಯಾತಕ್ಕ ಬರತೈತಿ ಅಂತ ನೋಡಿದಿ" ಎಂದು ಅವನ ಬೆನ್ನು ತಟ್ಟಿ ಕಾಮರ್ಸಿಗೆ ಕಳಿಸಿದರು. ಅವನು ಈಗ ದೊಡ್ಡ ವ್ಯಾಪಾರಿ. ಕಾಗೆಗೆ ಏಟು ಬಿದ್ದಿರಲಿಲ್ಲ ಅನ್ನಿ.

ನನ್ನ ಕಥೆ ಹೇಳಬೇಕಾದರೆ ಮೊದಲು ಅಪ್ಪನ ಕಥೆ ಹೇಳಬೇಕು. ಕಾಲುವೆ ನೀರು ಬಂದ ಮೇಲೆ ಅಪ್ಪನ ಕೈ ಹಸನಾಗಿತ್ತು. ಭತ್ತ, ಕಬ್ಬು, ಬಾಳೆ ಯಾವುದೂ ಕೈ ಕೊಟ್ಟಿರಲಿಲ್ಲ. ಆ ಹುಮ್ಮಸ್ಸಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ. ಮನೆ ಕಟ್ಟಿಸಲಿ ಬಿಡಿ, ರಸ್ತೆಗೆ ಮುಖ ಮಾಡಿ ಒಂದು ದವಾಖಾನೆಯ ಕೋಣೆಯನ್ನೂ ಕಟ್ಟಿಸಿಬಿಟ್ಟ! ರೋಗಿಗಳು ಕೂರಲು ಕಲ್ಲಿನ ಬೆಂಚು, ಡಾಕ್ಟರು ಕೈ ತೊಳೆಯಲು ಗೋಡೆಗೊಂದು ಬಿಳಿ ಬೇಸಿನ್ನು. ಡಾಕ್ಟರು ಯಾರು? ನಾನು. ಆಗ ನಾನಿನ್ನೂ ಒಂಬತ್ತನೇ ಕ್ಲಾಸು, ಮನೆಯಲ್ಲಿ ಕೋಳಿ ಕೊಯ್ದರೆ ಹಿತ್ತಲಿಗೆ ಓಡುತ್ತಿದ್ದವಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ ತಾನೇ. ಊರವರೆಲ್ಲ ಆ ಕೋಣೆಗೆ 'ದವಾಖಾನಿ' ಎಂದೇ ಹೆಸರಿಟ್ಟರು. ಅವ್ವ ಮಾತ್ರ ಆ ಬೇಸಿನ್ನಿನಲ್ಲಿ ಮೆಂತ್ಯ ಸೊಪ್ಪು ತೊಳೆಯುತ್ತಿದ್ದಳು.

ಅಪ್ಪನಿಗೆ ನಾನು ಬಯಾಲಜಿ ತಗೊಂಡರೆ ಸಾಕಿತ್ತು. ನನಗೆ ಲೆಕ್ಕದಿಂದ ತಪ್ಪಿಸಿಕೊಂಡರೆ ಸಾಕಿತ್ತು. ಲೆಕ್ಕದ ಪರೀಕ್ಷೆಯಲ್ಲಿ ದೇವರ ದಯೆಯಿಂದ ದಡ ಮುಟ್ಟಿದವಳು ನಾನು. ಲೆಕ್ಕ ಬಿಟ್ಟು ಬಯಾಲಜಿ ತಗೊಳ್ಳುವ ದಾರಿಯೂ ಕಾಲೇಜಿನಲ್ಲಿದೆ ಎಂದು ಗೊತ್ತಾದಾಗ ಅಪ್ಪ ಮಗಳಿಬ್ಬರಿಗೂ ಒಟ್ಟಿಗೇ ಹಬ್ಬ. ಆದರೆ ಅತ್ತೆ ಬಿಡಲಿಲ್ಲ. "ಮಾಸ್ತರ್ನ ಒಂದು ಮಾತು ಕೇಳ್ರಿ, ಆಮ್ಯಾಲ ಏನರ ಮಾಡ್ರಿ" ಎಂದು ಹಟ ಹಿಡಿದಳು.

ಅಷ್ಟರಲ್ಲಿ ಮಾಸ್ತರರ ಸ್ನಾನದ ಗುಟ್ಟು ಚಿತ್ತವಾಡ್ಗಿಯಲ್ಲಿ ಬಯಲಾಗಿತ್ತು. ಅಪ್ಪ ಹೆಗಲ ಮೇಲೆ ಬಾಳೆಗೊನೆ ಹೊತ್ತು ಬಸ್ಸಿಳಿದವನೇ ಅತ್ತೆಯ ಅಂಗಳದಲ್ಲಿ ನನಗೆ ಪಾಠ ಮಾಡಿದ.

"ಗಿಡಾ ಮುಟ್ಟು. ಎಲಿ ತಿರುವಿ ತಿರುವಿ ನೋಡು. ರೇಡಿಯೋದ ಕಡೆ ತಲಿ ಎತ್ತಿ ಸುದ್ದಾ ನೋಡಬ್ಯಾಡ, ತಿಳೀತಿಲ್ಲೋ?"

"ತಿಳೀತಪ್ಪ."

ಮಾಸ್ತರು ಬಾಳೆಗೊನೆ ನೋಡಿ ನಕ್ಕು, "ಬರ್ರಿ ಯಜಮಾನ್ರ, ಕುಂದ್ರಿ, ಜಳಕಾ ಮಾಡಿ ಬರ್ತೀನಿ" ಎಂದು ಒಳಗೆ ಹೋದರು. ನಾನು ಅಪ್ಪ ಹೇಳಿಕೊಟ್ಟ ಹಾಗೆ ಮೆಣಸಿನ ಗಿಡದ ಮುಂದೆ ಕೂತೆ. ಎಲೆ ತಿರುವಿದೆ, ಇನ್ನೊಮ್ಮೆ ತಿರುವಿದೆ. ಎಲೆಯಲ್ಲಿ ನೋಡುವುದಕ್ಕಾದರೂ ಎಷ್ಟಿರುತ್ತದೆ! ಬೇಸರ ಬಂತು. ಆಗ ಕುಂಡದ ಮಣ್ಣಿನ ಮೇಲೆ ಬೆಳ್ಳಗೆ ಏನೋ ಹೆಪ್ಪುಗಟ್ಟಿದ್ದು ಕಾಣಿಸಿತು. ನಮ್ಮ ಕಾಲುವೆ ಪಕ್ಕದ ಹೊಲದಲ್ಲೂ ಎರಡು ಬೇಸಿಗೆಯಿಂದ ಇಂಥದೇ ಬಿಳಿ ಏಳುತ್ತಿತ್ತು, ಅಲ್ಲಿ ಭತ್ತ ಸುಟ್ಟ ಹಾಗಾಗುತ್ತಿತ್ತು. ಉಗುರಿನಿಂದ ಕೆರೆದೆ. ಬೆರಳಿಗೆ ಹತ್ತಿಸಿಕೊಂಡು ನಾಲಿಗೆಗೆ ಮುಟ್ಟಿಸಿದೆ. ಉಪ್ಪು! ಗಿಡದ ಬುಡದಲ್ಲಿ ಕಡ್ಡಿ ಹಾಕಿ ಒಳಗಿನ ಮಣ್ಣು ತೆಗೆದು ಅದನ್ನೂ ರುಚಿ ನೋಡಿದೆ. ಮೇಲಿನದೇ ಹೆಚ್ಚು ಉಪ್ಪು. ಇದೇಕೆ ಹೀಗೆ ಎಂದು ಯೋಚಿಸುತ್ತ ಅಪ್ಪನನ್ನೂ ಮರೆತೆ, ಅವನ ಪಾಠವನ್ನೂ ಮರೆತೆ.

ಮಾಸ್ತರು ಹೊರಗೆ ಬಂದರು. ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆ ನೋಡಿದರು.

"ಯಜಮಾನ್ರ, ನಿಮ್ಮ ಸಬ್ಜೆಕ್ಟ್ ಯಾವ್ದು ಅಂತ ತಿಳೀತ್ರಿ!"

ತಿರುಗಿ ನೋಡುತ್ತೇನೆ, ಅಪ್ಪನ ತೊಡೆಯ ಮೇಲೆ ರೇಡಿಯೊ! ಬಾಯಲ್ಲಿ ಸ್ಕ್ರೂ, ಕೈಯಲ್ಲಿ ತಂತಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ, ಊರಿನ ಪಂಪ್‌ಸೆಟ್ಟುಗಳನ್ನೆಲ್ಲ ತಾನೇ ರಿಪೇರಿ ಮಾಡುತ್ತಿದ್ದ ನನ್ನಪ್ಪ ನಾಚಿ ನೀರಾದ. ಸ್ಕ್ರೂ ಉಗಿದು, "ಸುಮ್ಮನ ನೋಡಿದ್ನಿರಿ ಸರ" ಅಂದ. ನಾನು ನಕ್ಕೆನೆಂದು ಆಮೇಲೆ ಬೈಸಿಕೊಂಡೆ.

ಮಾಸ್ತರು ನನ್ನ ಕಡೆ ತಿರುಗಿದರು. "ಏನ್ ಯವ್ವಾ, ಉಪ್ಪೈತೇನು?"

"ಐತ್ರಿ ಸರ. ಮ್ಯಾಲ ಹೆಚ್ಚು, ಕೆಳಗ ಕಡಿಮಿ. ನಮ್ಮ ಹೊಲದಾಗೂ ಹಿಂಗ ಐತ್ರಿ. ಯಾಕ್ರಿ?"

"ಕೆಮಿಸ್ಟ್ರಿಯಾಗ ಯಾವುದನ್ನೂ ನಾಲಿಗಿಗೆ ಹಚ್ಚಬಾರ್ದು, ಅದ ಮೊದಲ್ನೇ ಪಾಠ" ಎಂದು ಗದರಿ, ಕಟ್ಟೆಯ ಮೇಲೆ ನನ್ನ ಪಕ್ಕ ಕೂತುಬಿಟ್ಟರು. ನೀರು ಹೆಚ್ಚಾದ ಕಡೆ ಅದು ಒಳಗಿನ ಉಪ್ಪನ್ನು ಕರಗಿಸಿ ಮೇಲೆ ತರುತ್ತದೆ, ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ ಎಂದರು. ಅಪ್ಪನಿಗೆ ಸಿಟ್ಟೇ ಬಂತು. ಬಿಳಿ ಎದ್ದಲ್ಲೆಲ್ಲ ಅವನು ತೊಳೆದು ಹೋಗಲಿ ಎಂದು ಇನ್ನೂ ಹೆಚ್ಚು ನೀರು ಬಿಡುತ್ತಿದ್ದ.

"ಕಾಲುವಿ ನೀರಿಗೆ ಹೆಸರಿಡಬ್ಯಾಡ್ರಿ ಸರ. ನಾವು ಉಣ್ಣಾಕತ್ತಿದ್ದು ಅದರಿಂದ."

"ಪಾಯಸನೂ ಹೆಚ್ಚಾದ್ರ ಹೊಟ್ಟಿ ಕೆಡತೈತ್ರಿ" ಅಂದರು ಮಾಸ್ತರು. ಆಮೇಲೆ ನನಗೆ ಹೇಳಿದರು: "ಇದು ಯಾವ ಉಪ್ಪು ಅಂತ ನನಗೂ ಗೊತ್ತಿಲ್ಲ. ಏನು ಹಾಕಿದ್ರ ಹೋಗತೈತಿ ಅಂತ ಕೆಮಿಸ್ಟ್ರಿ ಹೇಳತೈತಿ. ಎಷ್ಟು ಹಾಕ್ಬೇಕು ಅಂತ ಲೆಕ್ಕ ಹೇಳತೈತಿ. ಎಷ್ಟು ಅಂತ ತಿಳೀಲಾರ್ದ ಹಾಕಿದ್ರ ಸಾರೂ ಕೆಡತೈತಿ, ಹೊಲಾನೂ ಕೆಡತೈತಿ. ಬಯಾಲಜಿ ಇರ್ಲಿ, ಲೆಕ್ಕನೂ ಇರ್ಲಿ."

"ಲೆಕ್ಕ ಬ್ಯಾಡ್ರಿ ಸರ, ಫೇಲಾಗ್ತೀನಿ" ಎಂದು ಅತ್ತೇಬಿಟ್ಟೆ. ಅಪ್ಪ ನನ್ನ ಪರವಾಗಿ, "ಸೂಜಿ ಚುಚ್ಚಾಕ ಲೆಕ್ಕ ಯಾಕ ಬೇಕ್ರಿ? ಊರ ತುಂಬ ಡಾಕ್ಟರ್ ಅಂತ ಹೇಳೀನಿ, ಹುಡುಗಿ ಲೆಕ್ಕದಾಗ ನಪಾಸಾಗಿ ಮನಿಗೆ ಬಂದ್ರ ನಗತಾರ" ಅಂದ.

"ಡಾಕ್ಟರ್ ಆಗಬ್ಯಾಡ ಅಂದ್ನೇನ್ರಿ? ಮುಂದ ಆಕಿಗೆ ಏನಾಗ್ಬೇಕು ಅನಸತೈತೋ ಅದಾಗ್ಲಿ. ಇವತ್ತು ಲೆಕ್ಕ ಬಿಟ್ರ ಆ ಬಾಗಲಾ ಮುಚ್ಚಿತು, ಮತ್ತ ತೆರೆಯಂಗಿಲ್ಲ. ಹೆದರಿ ಬಾಗಲಾ ಹಾಕ್ಕೊಬಾರ್ದು." ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಲೆಕ್ಕ ನಾ ಹೇಳಿಕೊಡ್ತೀನಿ. ನೀ ಫೇಲಾದ್ರ ನಾನೂ ಫೇಲು" ಅಂದರು.

ಮಾತಿಗೆ ತಪ್ಪಲಿಲ್ಲ. ಪಿಯುಸಿಯ ಎರಡು ವರ್ಷವೂ ದಿನಾ ಬೆಳಿಗ್ಗೆ ಅದೇ ಕಟ್ಟೆಯ ಮೇಲೆ ಪಾಠ. ನಾನು ತಪ್ಪು ಮಾಡಿದರೆ, "ಶಭಾಷ್, ಹೊಸಾ ತಪ್ಪು! ಹಳೇದು ಮಾಡಿದ್ರ ಬೈತಿದ್ದೆ" ಎನ್ನುತ್ತಿದ್ದರು. ಕಾಲೇಜಿನ ಫಲಿತಾಂಶ ಬಂದ ದಿನ ಮಾಸ್ತರು ಓಣಿಯ ತುಂಬ, "ನಾ ಪಾಸಾದೆ, ನಾ ಪಾಸಾದೆ" ಎಂದು ಸಾರಿಕೊಂಡು ಬಂದರು.

ಆ ರಜೆಯಲ್ಲಿ ಅಪ್ಪನಿಗೆ ನಾನೇ ಹೇಳಿದೆ, ನಾನು ಡಾಕ್ಟರಾಗುವುದಿಲ್ಲ, ಧಾರವಾಡಕ್ಕೆ ಹೋಗಿ ಕೃಷಿ ಓದುತ್ತೇನೆ, ಮಣ್ಣಿನ ವಿಷಯ ಓದುತ್ತೇನೆ ಎಂದು. ಅಪ್ಪ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಮರುದಿನ ಹೊಲಕ್ಕೆ ಹೋಗಿ ಬಂದು, ಕಾಲು ತೊಳೆಯುತ್ತ, "ಆ ಬಿಳೀದು ಹೋಗತೈತೇನು?" ಎಂದು ಕೇಳಿದ.

"ನೋಡ್ತೀನಪ್ಪ."

ಹೋಯಿತು, ಪೂರ್ತಿ ಅಲ್ಲ. ನೀರು ಬಸಿದು ಹೋಗಲು ಹೊಲದಲ್ಲಿ ಕಾಲುವೆ ತೋಡಿಸಿ, ಲೆಕ್ಕ ಹಾಕಿ ಜಿಪ್ಸಂ ಹಾಕಿಸಿ, ಅಪ್ಪನ ಬೈಗುಳ ತಿಂದು, ಮೂರನೇ ವರ್ಷ ಅಲ್ಲಿ ಭತ್ತ ಹಸಿರಾಯಿತು. ಆಮೇಲೆ ಸುತ್ತಲಿನ ರೈತರು ಮಣ್ಣು ಕಟ್ಟಿಕೊಂಡು ನಮ್ಮ ಮನೆಗೆ ಬರತೊಡಗಿದರು. ನಾನು ರಜೆಗೆ ಊರಿಗೆ ಬಂದರೆ ಸಾಕು, ದವಾಖಾನೆಯ ಕಲ್ಲು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಬಿಳಿ ಬೇಸಿನ್ನು ಕಡೆಗೂ ನನ್ನ ಕೈ ತೊಳೆಯಲು ಬಂತು. ಇದನ್ನು ಕೇಳಿ ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮಾಸ್ತರು ತೀರಿಕೊಂಡ ಸುದ್ದಿ ಬಂದಾಗ ನಾನು ಕೆಲಸದ ಊರಿನಿಂದ ಬಸ್ಸು ಹತ್ತಿ ಬಂದೆ. ಅಪ್ಪ ನನಗಿಂತ ಮೊದಲೇ ಬಂದಿದ್ದ. ಚಿತ್ತವಾಡ್ಗಿಯ ಆ ಕಟ್ಟೆಯ ಮೇಲೆ ಜಾಗವಿರಲಿಲ್ಲ, ಅಷ್ಟು ಜನ ಶಿಷ್ಯರು. ಒಳಗೆ ಅವರಿಗೆ ಸ್ನಾನ ಮಾಡಿಸುತ್ತಿದ್ದಾರೆ ಎಂದು ಯಾರೋ ಹೇಳಿದರು. ನಾವು ಹೇಗೋ ಕುಂಡದ ಪಕ್ಕದ ಮೂಲೆಯಲ್ಲಿ ಒತ್ತಿಕೊಂಡು ಕಾಯುತ್ತ ಕೂತೆವು. ಎಷ್ಟೋ ಹೊತ್ತಾದ ಮೇಲೆ ನೋಡುತ್ತೇನೆ, ಅಪ್ಪನ ಕೈ ಮೂಲೆಯಲ್ಲಿದ್ದ ಅದೇ ಹಳೆಯ ರೇಡಿಯೊದ ತಿರುಪಿನ ಮೇಲಿತ್ತು. ಎದುರು ಮನೆಯ ಎಲೆಕ್ಟ್ರಾನಿಕ್ಸ್ ಹುಡುಗ, ಈಗ ಅರ್ಧ ತಲೆ ಬೋಳಾದವನು, ಅದರ ತಂತಿ ಹಿಡಿದಿದ್ದ. ನನ್ನ ಬೆರಳು ಕುಂಡದ ಮಣ್ಣಿನಲ್ಲಿತ್ತು. ಮೂವರೂ ಒಟ್ಟಿಗೇ ತಲೆಯೆತ್ತಿ ಬಚ್ಚಲ ಕಿಂಡಿಯ ಕಡೆ ನೋಡಿದೆವು.

ಆಮೇಲೆ ಅವರನ್ನು ಹೊರಗೆ ತಂದು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದರು. ಹೊಸ ಪಂಚೆ, ಹಣೆಗೆ ವಿಭೂತಿ. ನಾನು ಹತ್ತಿರ ಹೋಗಿ ಕಾಲು ಮುಟ್ಟಿದೆ, ಮುಖ ನೋಡಿದೆ. ಈ ಸಲ ಮಾಸ್ತರರ ತಲೆ ಒದ್ದೆಯಾಗಿತ್ತು.